ಹದಿನಾರು ಪದ, ನಾಲ್ಕು ಗುಂಪು: ‘ಕನೆಕ್ಷನ್ಸ್’ ಒಗಟನ್ನು ಬಿಡಿಸುವ ಬಗೆ

ಶಾಲೆಯ ಪ್ರಶ್ನೆಪತ್ರಿಕೆಗಳಲ್ಲಿ ‘ಗುಂಪಿಗೆ ಸೇರದ ಪದವನ್ನು ಆರಿಸಿ ಬರೆಯಿರಿ’ ಎಂಬ ಪ್ರಶ್ನೆಗೆ ಉತ್ತರಿಸದೆ ಮುಂದಿನ ತರಗತಿಗೆ ಹೋದವರು ನಮ್ಮಲ್ಲಿ ವಿರಳ. ನಾಲ್ಕು ಪದಗಳಲ್ಲಿ ಮೂರು ಒಂದು ಜಾತಿಯವಾಗಿರುತ್ತಿದ್ದವು, ಹೊರಗುಳಿದ ಒಂದನ್ನು ಗುರುತಿಸಿದರೆ ಅಂಕ ಸಿಗುತ್ತಿತ್ತು. ಅಮೆರಿಕದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 2023ರ ಜೂನ್ 12ರಂದು ಪ್ರಾಯೋಗಿಕವಾಗಿ ಆರಂಭಿಸಿದ ‘ಕನೆಕ್ಷನ್ಸ್’ ಎಂಬ ಪದ ಒಗಟು ಈ ಪ್ರಶ್ನೆಯನ್ನೇ ತಿರುವಿ ಹಾಕಿ ಕೇಳುತ್ತದೆ. ಇಲ್ಲಿ ಹೊರಗುಳಿಯುವ ಪದವೇ ಇಲ್ಲ. ಚೌಕದಲ್ಲಿರುವ 16 ಪದಗಳಿಗೂ ಒಂದೊಂದು ನೆಲೆಯಿದೆ, ನಾಲ್ಕು ನಾಲ್ಕರಂತೆ ಅವುಗಳನ್ನು ನಾಲ್ಕು ಗುಂಪುಗಳಾಗಿ ಹಂಚಬೇಕು, ಮತ್ತು ಗುಂಪುಗಳ ಹೆಸರುಗಳನ್ನು ಮಾತ್ರ ಯಾರೂ ಮೊದಲೇ ಹೇಳಿರುವುದಿಲ್ಲ.

ನಿಯಮಗಳು ಇಷ್ಟೇ: ಒಂದೇ ಗುಂಪಿನವು ಎಂದು ತೋರಿದ ನಾಲ್ಕು ಪದಗಳನ್ನು ಆರಿಸಿ ಒಪ್ಪಿಸಬೇಕು. ಸರಿಯಿದ್ದರೆ ಅವು ಒಂದು ಬಣ್ಣದ ಪಟ್ಟಿಯಾಗಿ ಮೇಲಕ್ಕೆ ಹೋಗುತ್ತವೆ ಮತ್ತು ಗುಂಪಿನ ಹೆಸರು ಪ್ರಕಟವಾಗುತ್ತದೆ. ತಪ್ಪಾದರೆ ನಾಲ್ಕು ಅವಕಾಶಗಳಲ್ಲಿ ಒಂದು ಕಳೆದುಹೋಗುತ್ತದೆ, ನಾಲ್ಕನೆಯ ತಪ್ಪಿಗೆ ಆಟ ಮುಗಿಯುತ್ತದೆ. ಆರಿಸಿದ ನಾಲ್ಕರಲ್ಲಿ ಮೂರು ಸರಿಯಿದ್ದು ಒಂದು ಮಾತ್ರ ತಪ್ಪಿದ್ದರೆ, ಒಂದರಲ್ಲಿ ತಪ್ಪಿದೆ ಎಂಬ ಸೂಚನೆ ಬರುತ್ತದೆ, ಆದರೆ ಆ ಒಂದು ಯಾವುದೆಂದು ಹೇಳುವುದಿಲ್ಲ. ಬಣ್ಣಗಳು ಕಷ್ಟದ ಕ್ರಮದಲ್ಲಿವೆ: ಹಳದಿ ಎಲ್ಲಕ್ಕಿಂತ ನೇರ, ಹಸಿರು ಮತ್ತು ನೀಲಿ ಕ್ರಮವಾಗಿ ಅದಕ್ಕಿಂತ ಬಿಗಿ, ನೇರಳೆ ಎಲ್ಲಕ್ಕಿಂತ ವಕ್ರ. ಎಲ್ಲರಿಗೂ ದಿನಕ್ಕೆ ಒಂದೇ ಒಗಟು, ಅದೂ ಒಂದೇ ಚೌಕ. ಆದ್ದರಿಂದಲೇ ಉತ್ತರವನ್ನು ಬಯಲು ಮಾಡದೆ ಬರೀ ಬಣ್ಣದ ಚೌಕಗಳ ಮೂಲಕ ತಮ್ಮ ದಾರಿಯನ್ನು ಗೆಳೆಯರಿಗೆ ತೋರಿಸುವ ಪದ್ಧತಿ ಇಲ್ಲಿಯೂ ನಡೆಯುತ್ತದೆ. ಇದೇ ಪತ್ರಿಕೆ 2022ರ ಜನವರಿಯಲ್ಲಿ ಕೊಂಡುಕೊಂಡ ‘ವರ್ಡಲ್’ ಆಟ ಆ ರೂಢಿಯನ್ನು ಮೊದಲೇ ಹುಟ್ಟುಹಾಕಿತ್ತು.

ಇಂಥ ಆಟ ಇದೇ ಮೊದಲಲ್ಲ. ಬ್ರಿಟನ್ನಿನ ಬಿಬಿಸಿ ವಾಹಿನಿಯಲ್ಲಿ 2008ರಿಂದ ಪ್ರಸಾರವಾಗುತ್ತಿರುವ ‘ಓನ್ಲಿ ಕನೆಕ್ಟ್’ ಎಂಬ ರಸಪ್ರಶ್ನೆ ಕಾರ್ಯಕ್ರಮದಲ್ಲಿ ಇಂಥದೇ 16 ಸುಳಿವುಗಳ ಗೋಡೆಯ ಸುತ್ತೊಂದಿದೆ. ಅಲ್ಲಿ ತಂಡಕ್ಕೆ ಎರಡೂವರೆ ನಿಮಿಷ ಸಮಯ, ಮೊದಲ ಎರಡು ಗುಂಪುಗಳು ಸಿಗುವ ತನಕ ಎಷ್ಟು ಬಾರಿ ಬೇಕಾದರೂ ಪ್ರಯತ್ನ, ಆಮೇಲೆ ಮೂರೇ ಅವಕಾಶ. ಪತ್ರಿಕೆಯ ಒಗಟು ಬಂದಾಗ ಈ ಸಾಮ್ಯವನ್ನು ಕಾರ್ಯಕ್ರಮದ ನಿರೂಪಕಿ ವಿಕ್ಟೋರಿಯಾ ಕೋರೆನ್ ಮಿಚೆಲ್ ಸಾರ್ವಜನಿಕವಾಗಿಯೇ ಎತ್ತಿ ತೋರಿಸಿದ್ದರು. ಪತ್ರಿಕೆಯ ಆವೃತ್ತಿಯಲ್ಲಿ ಗಡಿಯಾರದ ಕಾಟವಿಲ್ಲ, ಆದರೆ ತಪ್ಪಿಗೆ ಮೊದಲಿನಿಂದಲೇ ದಂಡವಿದೆ. ಈ ಒಂದು ವ್ಯತ್ಯಾಸದಿಂದ ಆಟದ ಸ್ವಭಾವವೇ ಬದಲಾಗಿದೆ ಎಂಬುದು ನನ್ನ ಅಭಿಪ್ರಾಯ: ಗೋಡೆಯ ಸುತ್ತು ಚುರುಕುತನವನ್ನು ಪರೀಕ್ಷಿಸಿದರೆ, ದಿನದ ಒಗಟು ತಾಳ್ಮೆಯನ್ನು ಪರೀಕ್ಷಿಸುತ್ತದೆ.

ಮೊದಲ ದಿನದ ಒಗಟನ್ನೇ ನೋಡಬಹುದು. ಆಲಿಕಲ್ಲು, ಮಳೆ, ಹಿಮ ಮೊದಲಾದವನ್ನು ಸೂಚಿಸುವ ಹೇಲ್, ರೇನ್, ಸ್ಲೀಟ್, ಸ್ನೋ ಎಂಬ ನಾಲ್ಕು ಪದಗಳು ಅದರಲ್ಲಿದ್ದವು. ಕಂಪ್ಯೂಟರ್ ಕೀಲಿಮಣೆಯ ಗುಂಡಿಗಳಾದ ಆಪ್ಷನ್, ರಿಟರ್ನ್, ಶಿಫ್ಟ್, ಟ್ಯಾಬ್ ಇನ್ನೊಂದು ಗುಂಪು. ಬಕ್ಸ್, ಹೀಟ್, ಜಾಝ್, ನೆಟ್ಸ್ ಎಂಬವು ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ತಂಡಗಳು. ಉಳಿದ ಕಯಾಕ್, ಲೆವೆಲ್, ಮಾಮ್, ರೇಸ್‌ಕಾರ್ ಎಂಬವುಗಳಿಗೆ ಅರ್ಥದಲ್ಲಿ ಯಾವ ನಂಟೂ ಇಲ್ಲ. ಇಂಗ್ಲಿಷ್ ಕಾಗುಣಿತದಲ್ಲಿ ಅವು ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ, ನಮ್ಮ ವಿಕಟಕವಿಯಂತೆ. ನಾಲ್ಕು ಗುಂಪುಗಳು ನಾಲ್ಕು ಬೇರೆ ಬೇರೆ ಬಗೆಯ ಸಂಬಂಧಗಳನ್ನು ಕೇಳುತ್ತಿವೆ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಕೆಲವಕ್ಕೆ ಲೋಕಜ್ಞಾನ ಸಾಕು, ಕೆಲವಕ್ಕೆ ಒಂದು ದೇಶದ ಆಟಗಳ ಪರಿಚಯ ಬೇಕು, ಒಂದಕ್ಕೆ ಅರ್ಥವನ್ನು ಬದಿಗಿಟ್ಟು ಅಕ್ಷರಗಳನ್ನಷ್ಟೇ ನೋಡುವ ಕಣ್ಣು ಬೇಕು. ‘ಹೀಟ್’ ಎಂದರೆ ಶಾಖವಾದ್ದರಿಂದ ಅದು ಹವಾಮಾನದ ಕಡೆಗೂ ವಾಲುತ್ತದೆ. ಅಂದು ಅದೊಂದು ಸಣ್ಣ ಬಲೆ ಮಾತ್ರ. ಮುಂದಿನ ದಿನಗಳಲ್ಲಿ ಸಂಪಾದಕಿ ವೈನಾ ಲಿಯು ಹೆಣೆದ ಬಲೆಗಳು ಇನ್ನೂ ಸೂಕ್ಷ್ಮವಾದವು.

ಬಲೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಪರಭಾಷೆಯ ಪದಗಳಲ್ಲಿ ವಿವರಿಸುವುದು ಕಷ್ಟ. ಒಂದು ಪದಕ್ಕಿರುವ ಎರಡನೆಯ ಅರ್ಥ ಥಟ್ಟನೆ ಹೊಳೆಯುವುದು ತಾಯ್ನುಡಿಯಲ್ಲೇ. ಆದ್ದರಿಂದ ಈ ಲೇಖನಕ್ಕೆಂದೇ ಕನ್ನಡದಲ್ಲಿ ಒಂದು ಚೌಕವನ್ನು ರಚಿಸಿದ್ದೇನೆ. ಮುಂದಕ್ಕೆ ಓದುವ ಮೊದಲು ಓದುಗರು ಒಮ್ಮೆ ತಾವೇ ಯತ್ನಿಸಬಹುದು.

ಆಲ – ಕೆರೆ – ತೋಡಿ – ಮೋಹನ
ಬನ್ನಿ – ಹುಣಸೆ – ಹೊಂಡ – ಕಲ್ಯಾಣಿ
ನೋಡಿ – ಬಾವಿ – ಮದ್ದು – ಬೇಲ
ಹೇಮಾವತಿ – ಕೊಡಿ – ಕೊಳ – ಹಾಡಿ

ಚೌಕದ ಮೇಲೆ ಕಣ್ಣಾಡಿಸಿದ ಕೂಡಲೇ ಹಲವರಿಗೆ ಮರಗಳು ಕಾಣುತ್ತವೆ: ಆಲ, ಬನ್ನಿ, ಹುಣಸೆ, ಬೇಲ. ಸರಿಯಾಗಿ ನಾಲ್ಕು. ಐದನೆಯದಿಲ್ಲ, ಗೊಂದಲವಿಲ್ಲ, ಒಪ್ಪಿಸಿಬಿಡೋಣ ಎನಿಸುತ್ತದೆ. ಒಪ್ಪಿಸಿದರೆ ಮೂರು ಸರಿ, ಒಂದು ತಪ್ಪು. ಒಳ್ಳೆಯ ಒಗಟುಗಾರರು ಬಳಸುವ ಅತ್ಯಂತ ಕ್ರೂರ ತಂತ್ರವಿದು. ಐದು ಪದಗಳು ಒಂದೇ ಗುಂಪಿಗೆ ಹೊಂದುವಂತೆ ಮಾಡಿದರೆ ಆಟಗಾರರು ಎಚ್ಚರಗೊಳ್ಳುತ್ತಾರೆ, ಆದರೆ ಸುಳ್ಳು ಗುಂಪೊಂದು ಸರಿಯಾಗಿ ನಾಲ್ಕೇ ಪದಗಳಲ್ಲಿ ಪೂರ್ಣಗೊಂಡರೆ ಯಾರಿಗೂ ಸಂಶಯ ಬರುವುದಿಲ್ಲ.

ಮರಗಳನ್ನು ಹಾಗೆಯೇ ಮನಸ್ಸಿನಲ್ಲಿಟ್ಟುಕೊಂಡು, ಒಪ್ಪಿಸದೆ, ಉಳಿದ 12 ಪದಗಳನ್ನು ನೋಡಬೇಕು. ಕೆರೆ, ಹೊಂಡ, ಬಾವಿ, ಕೊಳ ನಿಂತ ನೀರಿನ ತಾಣಗಳು. ದೇವಸ್ಥಾನದ ಮುಂದಿನ ಮೆಟ್ಟಿಲುಗಳ ಕಲ್ಯಾಣಿಯೂ ಅಂಥದೇ ಆದ್ದರಿಂದ ಇಲ್ಲಿ ಐದಾದವು. ನೋಡಿ, ಕೊಡಿ, ಹಾಡಿ, ತೋಡಿ ಎಂಬವು ಗೌರವದಿಂದ ಹೇಳುವ ವಿಧಿರೂಪದ ಕ್ರಿಯಾಪದಗಳಂತೆ ಕಾಣುತ್ತವೆ, ಅಲ್ಲಿ ನಾಲ್ಕು. ಮೋಹನ ಮತ್ತು ಹೇಮಾವತಿ ವ್ಯಕ್ತಿಗಳ ಹೆಸರುಗಳಾಗಬಹುದು, ಕಲ್ಯಾಣಿಯೂ ಆಗಬಹುದು, ಆದರೆ ನಾಲ್ಕನೆಯ ಹೆಸರು ಸಿಗುವುದಿಲ್ಲ. ಇನ್ನು ಮದ್ದು. ಔಷಧ ಎನ್ನಿ, ಪಟಾಕಿಯ ಮದ್ದು ಎನ್ನಿ, ಅದರ ಜೊತೆಗೆ ನಿಲ್ಲುವ ಇನ್ನೊಂದು ಪದ ಇಡೀ ಚೌಕದಲ್ಲಿಲ್ಲ.

ಇಲ್ಲಿಯೇ ಒಗಟು ಬಿಡಿಸುವ ನಿಜವಾದ ಕೆಲಸ ಆರಂಭವಾಗುವುದು. ಯಾವ ಯಾವ ಪದಗಳು ಒಟ್ಟಿಗೆ ಹೋಗುತ್ತವೆ ಎಂದು ಕೇಳುತ್ತ ಹೋದರೆ ಚೌಕವು ನೂರು ಉತ್ತರ ಕೊಡುತ್ತದೆ, ಏಕೆಂದರೆ ಅದನ್ನು ರಚಿಸಿರುವುದೇ ಹಾಗೆ. ಅದರ ಬದಲು ಯಾವ ಪದಕ್ಕೆ ಎಲ್ಲಕ್ಕಿಂತ ಕಡಿಮೆ ದಾರಿಗಳಿವೆ ಎಂದು ಕೇಳಬೇಕು. ಮೂರು ಕಡೆ ಹೊಂದುವ ಕಲ್ಯಾಣಿಯಿಂದ ಏನೂ ಗೊತ್ತಾಗುವುದಿಲ್ಲ, ಎಲ್ಲಿಯೂ ಹೊಂದದಂತೆ ಕಾಣುವ ಪದವೇ ದಾರಿ ತೋರುತ್ತದೆ. ಮದ್ದು ಸದ್ಯಕ್ಕೆ ಪೂರ್ತಿ ಮೌನವಾಗಿದೆ, ಆದ್ದರಿಂದ ಮೋಹನವನ್ನು ಹಿಡಿಯೋಣ. ವ್ಯಕ್ತಿಯ ಹೆಸರೆಂಬ ದಾರಿ ಮೂರಕ್ಕೇ ಮುಚ್ಚಿತು. ಮೋಹನಕ್ಕೆ ಉಳಿದ ಇನ್ನೊಂದು ದಾರಿ ಸಂಗೀತ. ಮೋಹನ ರಾಗವೆಂದು ಹೊಳೆದ ಕ್ಷಣ, ಕಲ್ಯಾಣಿಯೂ ಹೇಮಾವತಿಯೂ ರಾಗಗಳಾಗಿ ನಿಲ್ಲುತ್ತವೆ ಮತ್ತು ಕ್ರಿಯಾಪದದ ವೇಷದಲ್ಲಿದ್ದ ತೋಡಿ ತನ್ನ ನಿಜರೂಪ ತೋರುತ್ತದೆ. ಕರ್ನಾಟಕ ಸಂಗೀತದ 72 ಮೇಳಕರ್ತ ರಾಗಗಳಲ್ಲಿ, ಅಂದರೆ ಮೂಲರಾಗಗಳಲ್ಲಿ, ಹನುಮತೋಡಿ 8ನೆಯದು, ಹೇಮಾವತಿ 58ನೆಯದು, ಮೇಚಕಲ್ಯಾಣಿ 65ನೆಯದು. ಮೋಹನ ಮೇಳಕರ್ತವಲ್ಲ, ಮೇಳಕರ್ತದಿಂದ ಹುಟ್ಟಿದ ಐದು ಸ್ವರಗಳ ಜನ್ಯರಾಗ, ಹೀಗಾಗಿ ಗುಂಪಿನ ಹೆಸರು ‘ರಾಗಗಳು’ ಎಂದಷ್ಟೇ ಇರಬೇಕು.

ಒಂದು ಗುಂಪು ಖಚಿತವಾದ ಕೂಡಲೇ ಉಳಿದವು ತಾವಾಗಿ ಕಳಚಿಕೊಳ್ಳುತ್ತವೆ. ಕಲ್ಯಾಣಿ ರಾಗಗಳ ಕಡೆಗೆ ಹೋದ್ದರಿಂದ ನೀರಿನ ತಾಣಗಳು ಐದರಿಂದ ನಾಲ್ಕಕ್ಕೆ ಇಳಿದವು. ತೋಡಿ ಹೋದ್ದರಿಂದ ಕ್ರಿಯಾಪದಗಳಲ್ಲಿ ಮೂರೇ ಉಳಿದು, ನಾಲ್ಕನೆಯದಕ್ಕೆ ಹುಡುಕಾಟ ಶುರುವಾಯಿತು. ಆಗ ಬನ್ನಿ ಮರವಲ್ಲ, ಕರೆಯುವ ಮಾತು ಎಂಬುದು ಗೋಚರಿಸುತ್ತದೆ: ಬನ್ನಿ, ನೋಡಿ, ಹಾಡಿ, ಕೊಡಿ. ಮರಗಳು ಈಗ ಮೂರೇ, ಮತ್ತು ಅವುಗಳ ಜೊತೆಗೆ ನಾಲ್ಕನೆಯದಾಗಿ ನಿಲ್ಲಲೇಬೇಕಾದದ್ದು ಆ ಒಂಟಿ ಮದ್ದು. ಆಲ, ಬೇಲ, ಹುಣಸೆ, ಮದ್ದು ಎಂಬ ನಾಲ್ಕನ್ನು ಒಪ್ಪಿಸಿದ ಮೇಲೆ ನಂಟು ಬಿಡಿಸಿಕೊಳ್ಳುತ್ತದೆ: ಪ್ರತಿಯೊಂದಕ್ಕೂ ‘ಊರು’ ಸೇರಿಸಿದರೆ ಆಲೂರು, ಬೇಲೂರು, ಹುಣಸೂರು, ಮದ್ದೂರು ಎಂಬ ತಾಲ್ಲೂಕು ಕೇಂದ್ರಗಳು. ಮೊದಲೆರಡು ಹಾಸನ ಜಿಲ್ಲೆಯವು, ಉಳಿದೆರಡು ಮೈಸೂರು ಮತ್ತು ಮಂಡ್ಯ ಜಿಲ್ಲೆಗಳವು. ಊರಿನ ಹೆಸರಿನ ಚರಿತ್ರೆಗೂ ಈ ಜೋಡಣೆಗೂ ಸಂಬಂಧ ಇರಬೇಕಾಗಿಲ್ಲ. ಶಾಸನಗಳಲ್ಲಿ ಬೇಲೂರಿನ ಹೆಸರು ವೇಲಾಪುರ ಎಂದಿದೆ. ಒಗಟಿಗೆ ಬೇಕಾದದ್ದು ಅಕ್ಷರ ಹೊಂದುವುದು ಮಾತ್ರ. ಬಾಗಲಕೋಟೆ ಜಿಲ್ಲೆಯ ಓದುಗರು ಇಲ್ಲೊಂದು ಆಕ್ಷೇಪ ಎತ್ತಬಹುದು: ಬಾದಾಮಿಯ ಹತ್ತಿರ ಕೆರೂರು ಎಂಬ ಊರಿದೆಯಲ್ಲ, ಹಾಗಾದರೆ ಕೆರೆಯೂ ಈ ಗುಂಪಿಗೆ ಸೇರದೇ? ಸೇರಬಹುದಿತ್ತು. ಆದರೆ ಕೆರೆಯನ್ನು ಅಲ್ಲಿಗೆ ಕಳುಹಿಸಿದರೆ ನೀರಿನ ಗುಂಪಿಗೆ ಕಲ್ಯಾಣಿಯನ್ನು ಎಳೆದುಕೊಳ್ಳಬೇಕಾಗುತ್ತದೆ, ಆಗ ರಾಗಗಳು ಮೂರಕ್ಕೆ ಇಳಿಯುತ್ತವೆ. ಲೆಕ್ಕವೇ ತೀರ್ಪು ಹೇಳುತ್ತದೆ.

ಈ ಲೆಕ್ಕದ ಗಾತ್ರವನ್ನು ಅರಿತುಕೊಳ್ಳುವುದು ಉಪಯುಕ್ತ. 16 ಪದಗಳಿಂದ ನಾಲ್ಕನ್ನು ಆರಿಸುವ ಬಗೆಗಳು 1,820. ಅವುಗಳಲ್ಲಿ ಸರಿಯಾದವು ನಾಲ್ಕೇ. ಮೂರು ಸರಿ ಒಂದು ತಪ್ಪು ಎಂಬ ಸೂಚನೆ ಬರುವಂಥವು 192. ಉಳಿದ 1,624 ಆಯ್ಕೆಗಳು ತಪ್ಪೆಂದಷ್ಟೇ ತಿಳಿಸಿ ಸುಮ್ಮನಾಗುತ್ತವೆ. ಇಡೀ ಚೌಕವನ್ನು ನಾಲ್ಕು ಗುಂಪುಗಳಾಗಿ ಹಂಚುವ ಬಗೆಗಳಂತೂ 26,27,625. ಮೊದಲ ಗುಂಪು ಸರಿಯಾಗಿ ಸಿಕ್ಕರೆ ಅದು ಒಮ್ಮೆಲೇ 5,775ಕ್ಕೆ ಕುಸಿಯುತ್ತದೆ, ಎರಡನೆಯದು ಸಿಕ್ಕರೆ 35ಕ್ಕೆ, ಮೂರನೆಯದು ಸಿಕ್ಕರೆ ಒಂದಕ್ಕೆ. ಆದ್ದರಿಂದ ಮೊದಲ ಗುಂಪಿನ ಮೇಲೆ ಎಷ್ಟು ಹೊತ್ತು ಕಳೆದರೂ ಅದು ವ್ಯರ್ಥವಲ್ಲ. ಮೊದಲು ಒಪ್ಪಿಸಬೇಕಾದ ಗುಂಪು ಯಾವುದೆಂದರೆ, ಯಾವುದರ ನಾಲ್ಕೂ ಪದಗಳು ಬೇರೆಡೆ ಹೋಗಲಾರವೋ ಅದು. ಅದು ಸುಲಭದ ಹಳದಿಯೇ ಆಗಿರಬೇಕೆಂದಿಲ್ಲ. ನಮ್ಮ ಚೌಕದಲ್ಲಿ ರಾಗಗಳ ಗುಂಪನ್ನು ಮೊದಲು ಒಪ್ಪಿಸಿದವರಿಗೆ ಮುಂದೆ ಎಡವುವ ಕಾರಣವೇ ಇರುವುದಿಲ್ಲ, ಮರಗಳಿಂದ ಆರಂಭಿಸಿದವರು ಒಂದು ಅವಕಾಶವನ್ನು ಕಳೆದುಕೊಂಡೇ ಮುಂದುವರಿಯುತ್ತಾರೆ.

ಕಳೆದುಕೊಂಡರೂ ಆ ಅವಕಾಶವನ್ನು ದುಡಿಸಿಕೊಳ್ಳಬಹುದು. ಒಂದು ತಪ್ಪಿದೆ ಎಂಬ ಸೂಚನೆ ಬಂದಾಗ ಅನೇಕರು ತಕ್ಷಣ ಒಂದು ಪದವನ್ನು ಬದಲಿಸಿ ಮತ್ತೆ ಒಪ್ಪಿಸುತ್ತಾರೆ. ಯಾವ ಪದ ಹೋಗಬೇಕೆಂಬುದಕ್ಕೆ ನಾಲ್ಕು ಸಾಧ್ಯತೆ, ಅದರ ಜಾಗಕ್ಕೆ ಬರಬೇಕಾದದ್ದಕ್ಕೆ 12 ಸಾಧ್ಯತೆ, ಒಟ್ಟು 48 ಬಗೆ. ಕುರುಡು ಬದಲಾವಣೆಯಿಂದ ಗೆಲ್ಲುವ ಸಂಭವ ತೀರ ಕಡಿಮೆ. ಅದಕ್ಕಿಂತ, ಆ ಮೂರು ಪದಗಳು ಒಂದೇ ಗುಂಪಿನವು ಎಂಬ ಮಾಹಿತಿಯನ್ನು ಇಟ್ಟುಕೊಂಡು ಬೇರೆ ಗುಂಪಿನ ಕಡೆಗೆ ತಿರುಗುವುದು ಒಳ್ಳೆಯದು. ಊಹೆಯನ್ನು ಪೂರ್ತಿ ನಿಷೇಧಿಸಬೇಕಾಗಿಯೂ ಇಲ್ಲ. ಮೂರು ಪದಗಳು ಖಚಿತವಾಗಿದ್ದು ನಾಲ್ಕನೆಯದಕ್ಕೆ ಎರಡೇ ಅಭ್ಯರ್ಥಿಗಳಿದ್ದರೆ, ತಪ್ಪಿದ ಊಹೆಯೂ ಸರಿಯಾದ ಉತ್ತರವನ್ನೇ ತಿಳಿಸಿಕೊಡುತ್ತದೆ.

ಇಷ್ಟು ಸರಳವಾದ ವಿಧಾನ ಕಣ್ಣೆದುರಿಗಿದ್ದರೂ ಮನಸ್ಸು ಮರಗಳಿಗೆ ಅಂಟಿಕೊಳ್ಳುವುದೇಕೆ ಎಂಬ ಪ್ರಶ್ನೆಗೆ ಮನೋವಿಜ್ಞಾನದಲ್ಲಿ ಉತ್ತರವಿದೆ. ಪದಗಳ ಅರ್ಥಗಳು ನಮ್ಮ ನೆನಪಿನಲ್ಲಿ ಒಂದು ಜಾಲದಂತೆ ಹೆಣೆದುಕೊಂಡಿವೆ, ಒಂದು ಪದ ಜಾಗೃತವಾದರೆ ಅದರ ನೆರೆಹೊರೆಯ ಪದಗಳೂ ಅರೆಬರೆಯಾಗಿ ಜಾಗೃತವಾಗುತ್ತವೆ ಎಂಬ ವಿವರಣೆಯನ್ನು ಅಲನ್ ಕಾಲಿನ್ಸ್ ಮತ್ತು ಎಲಿಜಬೆತ್ ಲಾಫ್ಟಸ್ 1975ರಲ್ಲಿ ಮುಂದಿಟ್ಟರು. ಆಲವನ್ನು ಓದಿ ಬಂದ ಕಣ್ಣಿಗೆ ಬನ್ನಿ ಕಂಡಾಗ ಮರದ ಅರ್ಥವೇ ಮೊದಲು ಏಳುತ್ತದೆ. ‘ಬನ್ನಿ, ಕುಳಿತುಕೊಳ್ಳಿ’ ಎಂಬ ವಾಕ್ಯದಲ್ಲಿ ಅದೇ ಪದ ಕಂಡಿದ್ದರೆ ಮರದ ನೆನಪೇ ಬರುತ್ತಿರಲಿಲ್ಲ. ಒಮ್ಮೆ ಹಿಡಿದ ದಾರಿಯನ್ನು ಬಿಡಲಾಗದ ಗುಣವನ್ನು ಅಬ್ರಹಾಂ ಲೂಚಿನ್ಸ್ 1942ರಲ್ಲೇ ನೀರಿನ ಜಾಡಿಗಳ ಲೆಕ್ಕಗಳ ಮೂಲಕ ತೋರಿಸಿದ್ದರು. ಮೊದಲ ಕೆಲವು ಲೆಕ್ಕಗಳಿಗೆ ಒಂದು ಉದ್ದನೆಯ ಸೂತ್ರ ಕಲಿತವರು, ಮುಂದೆ ತೀರ ಸುಲಭದ ಲೆಕ್ಕ ಬಂದಾಗಲೂ ಆ ಉದ್ದನೆಯ ಸೂತ್ರವನ್ನೇ ಬಳಸುತ್ತಿದ್ದರು. ಚೌಕದ ಕೆಳಗೆ ಪದಗಳನ್ನು ಕಲಕುವ ಗುಂಡಿಯೊಂದಿರುವುದು ಈ ಅಂಟನ್ನು ಬಿಡಿಸುವುದಕ್ಕೆ. ಪಕ್ಕದ ಪದ ಬದಲಾದರೆ ಜಾಗೃತವಾಗುವ ಅರ್ಥವೂ ಬದಲಾಗುತ್ತದೆ. ಒಗಟನ್ನು ಅರ್ಧಕ್ಕೆ ಬಿಟ್ಟು ಬೇರೆ ಕೆಲಸ ಮಾಡಿ ಮರಳಿ ಬಂದವರಿಗೆ ಉತ್ತರ ಹೊಳೆಯುವುದರ ಹಿಂದೆಯೂ ಬಹುಮಟ್ಟಿಗೆ ಇದೇ ಕಾರಣವಿದೆ: ಈ ನಡುವೆ ಹೊಸ ಜ್ಞಾನವೇನೂ ಬಂದಿರುವುದಿಲ್ಲ, ಹಳೆಯ ಅರ್ಥದ ಹಿಡಿತ ಸಡಿಲಗೊಂಡಿರುತ್ತದೆ.

ನೇರಳೆ ಗುಂಪಿನ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಅಲ್ಲಿ ಸಂಬಂಧವು ಹೆಚ್ಚಾಗಿ ಅರ್ಥದಲ್ಲಿರುವುದಿಲ್ಲ. ನಾಲ್ಕೂ ಪದಗಳ ಹಿಂದೆ ಅಥವಾ ಮುಂದೆ ಒಂದೇ ಪದ ಬಂದು ಕೂರುತ್ತಿರಬಹುದು, ಪ್ರತಿಯೊಂದರ ಹೊಟ್ಟೆಯಲ್ಲೂ ಒಂದು ಪ್ರಾಣಿಯ ಹೆಸರು ಅಡಗಿರಬಹುದು, ಒಂದಕ್ಷರ ಕಳೆದರೆ ಬೇರೆ ಪದವಾಗುತ್ತಿರಬಹುದು, ಉಚ್ಚಾರದಲ್ಲಿ ಮಾತ್ರ ಇನ್ನೊಂದನ್ನು ಹೋಲುತ್ತಿರಬಹುದು. ಆದ್ದರಿಂದ ಅರ್ಥದ ಬೆನ್ನು ಹತ್ತಿ ಎಲ್ಲಿಗೂ ತಲುಪದ ಪದ ಎದುರಾದಾಗ, ಅದನ್ನು ಬಾಯಿಬಿಟ್ಟು ಓದಿ, ತುಂಡರಿಸಿ, ಹಿಂದುಮುಂದು ಮಾಡಿ ನೋಡುವುದು ಅನುಭವಿಗಳ ರೂಢಿ. ಅರ್ಥಸಾಮೀಪ್ಯವನ್ನು ಅಳೆದು ಪದಗಳನ್ನು ಗುಂಪು ಮಾಡುವ ಕಂಪ್ಯೂಟರ್ ವಿಧಾನಗಳು ಈ ಒಗಟಿನಲ್ಲಿ ಮುಗ್ಗರಿಸುವುದೂ ಇಲ್ಲಿಯೇ. ಆಲ, ಬೇಲ, ಹುಣಸೆಗಳಿಗೆ ಮದ್ದಿಗಿಂತ ಬನ್ನಿಯೇ ಹತ್ತಿರವೆಂದು ಯಾವ ಅಳತೆಗೋಲಾದರೂ ಹೇಳುತ್ತದೆ. ಹಾಗೆಂದು ನೇರಳೆಯನ್ನೇ ಮೊದಲು ಭೇದಿಸಲು ಹೊರಡುವುದು ಹೊಸಬರಿಗೆ ಹೇಳಿಸಿದ ಹಾದಿಯಲ್ಲ. ಮೂರು ಗುಂಪುಗಳು ಸರಿಯಾದರೆ ಅದು ತಾನಾಗಿ ಉಳಿಯುತ್ತದೆ, ಮತ್ತು ನಂಟು ತಿಳಿಯದೆಯೂ ಗೆಲ್ಲಬಹುದು.

ಇಂಗ್ಲಿಷ್ ಒಗಟನ್ನು ಆಡುವ ಕನ್ನಡಿಗರಿಗೆ, ಬೆಂಗಳೂರಿನಲ್ಲಿರಲಿ ಅಮೆರಿಕದಲ್ಲಿರಲಿ, ಪದಸಂಪತ್ತಿಗಿಂತ ದೊಡ್ಡ ಅಡ್ಡಿ ಅಲ್ಲಿನ ಬದುಕಿನ ಪರಿಚಯ. ಬಕ್ಸ್ ಮತ್ತು ನೆಟ್ಸ್ ತಂಡಗಳೆಂದು ತಿಳಿಯದವರಿಗೆ ನಿಘಂಟು ನೆರವಾಗುವುದಿಲ್ಲ. ಅಂಥ ಕಡೆ ಎಣಿಕೆಯ ವಿಧಾನವೇ ಆಸರೆ: ಉಳಿದ ಮೂರು ಗುಂಪುಗಳನ್ನು ಗಟ್ಟಿ ಮಾಡಿಕೊಂಡರೆ ಬ್ಯಾಸ್ಕೆಟ್‌ಬಾಲ್ ಗೊತ್ತಿರಬೇಕಾಗಿಲ್ಲ.

ಕನ್ನಡದಲ್ಲಿ ಇಂಥ ಒಗಟು ಕಟ್ಟುವವರಿಗೆ ಬೇರೆಯೇ ಅನುಕೂಲಗಳೂ ತೊಡಕುಗಳೂ ಇವೆ. ಇಂಗ್ಲಿಷಿನಲ್ಲಿ ಎರಡು ಪದ ಅಕ್ಕಪಕ್ಕ ನಿಂತರೂ ಸಾಮಾನ್ಯವಾಗಿ ತಮ್ಮ ಆಕಾರ ಉಳಿಸಿಕೊಳ್ಳುತ್ತವೆ, ನಮ್ಮಲ್ಲಿ ಸಂಧಿಯಾಗುತ್ತದೆ. ಹುಣಸೆಯ ಕೊನೆಯ ಸ್ವರ ಲೋಪವಾಗಿ ಹುಣಸೂರು ಆಗುವುದರಿಂದ ನಂಟು ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಹಿಂದುಮುಂದಾಗಿ ಒಂದೇ ಆಗಿರುವ ಪದಗಳನ್ನು ವರ್ಣಗಳಾಗಿ ಎಣಿಸಬೇಕೋ ನವಜೀವನ ಎಂಬಲ್ಲಿಯಂತೆ ಪೂರ್ಣಾಕ್ಷರಗಳಾಗಿ ಎಣಿಸಬೇಕೋ ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳಬೇಕು. ಗುಂಪಿನ ವ್ಯಾಕರಣವನ್ನೂ ಬಿಗಿಯಾಗಿ ಹೇಳಬೇಕು. ನೋಡಿ, ಹಾಡಿ, ತೋಡಿ ಎಂಬವು ನೋಡಿಕೊಂಡು, ಹಾಡಿಕೊಂಡು ಎಂಬ ಭೂತಕಾಲದ ಕೃದಂತದ ಅರ್ಥವನ್ನೂ ಕೊಡುತ್ತವೆ, ಕೊಡಿ ಮತ್ತು ಬನ್ನಿ ಕೊಡುವುದಿಲ್ಲ, ಏಕೆಂದರೆ ಅವುಗಳ ಕೃದಂತಗಳು ಕೊಟ್ಟು ಮತ್ತು ಬಂದು.

ಎಲ್ಲಕ್ಕಿಂತ ದೊಡ್ಡ ತೊಡಕು ಪ್ರದೇಶದ್ದು. ಮೈಸೂರು ಕಡೆಯವರಿಗೆ ಬನ್ನಿ ಎಂದರೆ ಮೊದಲು ಕಿವಿಗೆ ಬೀಳುವುದು ಆಹ್ವಾನ. ಧಾರವಾಡ, ವಿಜಯಪುರದ ಕಡೆ ಕರೆಯುವ ಮಾತು ‘ಬರ್ರಿ’, ಬನ್ನಿ ಎಂದರೆ ವಿಜಯದಶಮಿಯಂದು ಒಬ್ಬರಿಗೊಬ್ಬರು ಕೊಟ್ಟು ‘ಬಂಗಾರದ್ಹಾಂಗ ಇರೋಣ’ ಎನ್ನುವ ಆ ಎಲೆ. ಹೀಗಾಗಿ ಮೇಲಿನ ಚೌಕದಲ್ಲಿ ಮರಗಳ ಬಲೆ ಹಳೆಯ ಮೈಸೂರಿನವರಿಗಿಂತ ಉತ್ತರ ಕರ್ನಾಟಕದವರನ್ನು ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಊರುಗಳ ಗುಂಪೂ ದಕ್ಷಿಣದ ತಾಲ್ಲೂಕುಗಳನ್ನೇ ಆರಿಸಿಕೊಂಡಿದೆ. ಮದ್ದುವಿನ ಜಾಗದಲ್ಲಿ ‘ಕೊಟ್ಟು’ ಎಂದಿಟ್ಟು ವಿಜಯನಗರ ಜಿಲ್ಲೆಯ ಕೊಟ್ಟೂರನ್ನು ತಂದರೆ ಆ ಓರೆ ಸ್ವಲ್ಪ ಸರಿಹೋಗುತ್ತದೆ. ಅದರ ಜೊತೆಗೆ ‘ಕೊಡಿ’ಯ ಪಕ್ಕದಲ್ಲಿ ‘ಕೊಟ್ಟು’ ಕಾಣಿಸಿಕೊಂಡು, ಕ್ರಿಯಾಪದಗಳ ಕಡೆಗೆ ಇನ್ನೊಂದು ಸುಳ್ಳು ದಾರಿಯೂ ತೆರೆದುಕೊಳ್ಳುತ್ತದೆ.